ಕ್ರಯೋನಿಕ್ಸ್ ಸಂಗ್ರಹಾಗಾರದ ಸ್ಥಳ ಮತ್ತು ಸಿಬ್ಬಂದಿ: ಪುಣೆ, ಮುಂಬಯಿ, ಗೋವೆಯ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಪುಣೆಯ ಪ್ರಯೋಗಾಲಯವೊಂದರಲ್ಲಿ ಬಹಳ ವರ್ಷ ದ್ರವ ಸಾರಜನಕದ ಉಸ್ತುವಾರಿ ನೋಡಿಕೊಂಡವನು ನಾನು. ನಿವೃತ್ತಿಯ ನಂತರ ಇಲ್ಲಿನ ಕನ್ನಡ ಬಳಗಗಳಲ್ಲಿ ಕ್ರಯೋನಿಕ್ಸ್ ಬಗ್ಗೆ ಮಾತು ಬಂದಾಗಲೆಲ್ಲ, ದೇಹ ಮತ್ತೆ ಬದುಕುತ್ತದೆಯೇ ಎಂಬ ಪ್ರಶ್ನೆಯ ಸುತ್ತಲೇ ಚರ್ಚೆ ಸುತ್ತುವುದನ್ನು ಕಂಡಿದ್ದೇನೆ. ಆ ದೇಹವನ್ನು ನೂರು ವರ್ಷ ಯಾರು ಕಾಯುತ್ತಾರೆ, ಎಲ್ಲಿ ಕಾಯುತ್ತಾರೆ ಎಂಬ ಪ್ರಶ್ನೆ ಅದಕ್ಕಿಂತ ಮೊದಲು ಬರಬೇಕು ಎಂಬುದು ನನ್ನ ದೃಢ ಅಭಿಪ್ರಾಯ. ಕೆಳಗಿನ ಉತ್ತರಗಳು ಆ ಎರಡು ವಿಷಯಗಳಿಗೆ ಸೀಮಿತವಾಗಿವೆ.

ಪ್ರಶ್ನೆ: ಕ್ರಯೋನಿಕ್ಸ್ ಎಂದರೆ ಏನು? ಹೀಗೆ ಇಡಲಾದವರಲ್ಲಿ ಯಾರಾದರೂ ಮರಳಿ ಬಂದಿದ್ದಾರೆಯೇ?

ವೈದ್ಯರು ಮರಣವನ್ನು ಘೋಷಿಸಿದ ಕೂಡಲೇ ದೇಹವನ್ನು ತಣ್ಣಗಾಗಿಸಿ, ಮಂಜುಗಡ್ಡೆಯ ಹರಳುಗಳು ಜೀವಕೋಶಗಳನ್ನು ಸೀಳದಂತೆ ರಕ್ತದ ಬದಲು ರಕ್ಷಕ ದ್ರಾವಣವನ್ನು ಹರಿಸಿ, ಕೊನೆಗೆ ದ್ರವ ಸಾರಜನಕದಲ್ಲಿ ಮೈನಸ್ 196 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡುವುದನ್ನು ಕ್ರಯೋನಿಕ್ಸ್ ಎನ್ನುತ್ತಾರೆ. ಮುಂದೊಂದು ಕಾಲದ ವೈದ್ಯಕೀಯ ಜ್ಞಾನ ಆ ವ್ಯಕ್ತಿಯನ್ನು ಗುಣಪಡಿಸಬಹುದು ಎಂಬ ನಿರೀಕ್ಷೆಯೇ ಇದರ ಬುನಾದಿ. ಇಲ್ಲಿಯವರೆಗೆ ಯಾರೂ ಮರಳಿ ಬಂದಿಲ್ಲ, ಯಾರನ್ನೂ ಮರಳಿ ತರಲು ಬಲ್ಲ ವಿಧಾನವೂ ಇಲ್ಲ. ಇದನ್ನು ತಿಳಿದೇ ಹಣ ಕಟ್ಟಬೇಕು. 1967ರ ಜನವರಿ 12ರಂದು ಅಮೆರಿಕದಲ್ಲಿ ಮೊದಲ ಬಾರಿಗೆ ಹೀಗೆ ಇಡಲಾದ ಜೇಮ್ಸ್ ಬೆಡ್‌ಫರ್ಡ್ ಅವರ ದೇಹ ಇಂದಿಗೂ ಅರಿಜೋನಾದಲ್ಲಿದೆ. ಮೊದಲ ಹದಿನೈದು ವರ್ಷ ಅದು ಜಾಗದಿಂದ ಜಾಗಕ್ಕೆ ಸಾಗಿತು. ಅವರ ಮನೆಯವರು ಬಿಡದೆ ಸಾರಜನಕದ ವ್ಯವಸ್ಥೆ ಮಾಡಿದ್ದರಿಂದಲೇ ಅದು ಉಳಿಯಿತು.

ಪ್ರಶ್ನೆ: ಭಾರತದಲ್ಲಿ ಇಂಥ ಸಂಗ್ರಹಾಗಾರ ಇದೆಯೇ?

ಇಲ್ಲ. ಪಂಜಾಬಿನ ನೂರ್‌ಮಹಲ್‌ನ ಆಶ್ರಮದಲ್ಲಿ 2014ರಿಂದ ಗುರುವೊಬ್ಬರ ದೇಹವನ್ನು ಇಟ್ಟಿರುವುದನ್ನು ಕೆಲವರು ಉದಾಹರಿಸುತ್ತಾರೆ. ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್‌ನ ವಿಭಾಗೀಯ ಪೀಠ 2017ರಲ್ಲಿ ಅದಕ್ಕೆ ಅವಕಾಶವನ್ನೂ ಕೊಟ್ಟಿತು. ಆದರೆ ಅಲ್ಲಿ ಬಳಸಿರುವುದು ಸಾಮಾನ್ಯ ಡೀಪ್ ಫ್ರೀಜರ್, ಅದರ ಹಿಂದಿರುವುದು ಗುರು ಸತ್ತಿಲ್ಲ, ಸಮಾಧಿ ಎಂಬ ಆಳವಾದ ಧ್ಯಾನದಲ್ಲಿದ್ದಾರೆ ಎಂಬ ನಂಬಿಕೆ. ಅದಕ್ಕೂ ಇಲ್ಲಿ ಹೇಳುತ್ತಿರುವ ವ್ಯವಸ್ಥೆಗೂ ಸಂಬಂಧವಿಲ್ಲ.

ಪ್ರಶ್ನೆ: ವಿದ್ಯುತ್ ಹೋದರೆ ದೇಹಗಳು ಕರಗುವುದಿಲ್ಲವೇ?

ಕರಗುವುದಿಲ್ಲ. ದೇಹಗಳನ್ನು ಇಡುವ ಡ್ಯೂವಾರ್ ಎಂಬ ಪಾತ್ರೆ ಎತ್ತರದ, ಎರಡು ಗೋಡೆಗಳ ಉಕ್ಕಿನ ಫ್ಲಾಸ್ಕ್ ಇದ್ದಂತೆ. ಗೋಡೆಗಳ ನಡುವೆ ನಿರ್ವಾತವಿರುತ್ತದೆ, ಒಳಗೆ ದ್ರವ ಸಾರಜನಕವಿರುತ್ತದೆ, ತಂಪನ್ನು ಕಾಯಲು ಮೋಟಾರ್ ಆಗಲಿ ಕಂಪ್ರೆಸರ್ ಆಗಲಿ ಇರುವುದಿಲ್ಲ. ನಾಲ್ಕು ಪೂರ್ಣ ದೇಹಗಳನ್ನು ಹಿಡಿಯುವ ದೊಡ್ಡ ಡ್ಯೂವಾರ್‌ನಿಂದ ದಿನಕ್ಕೆ ಸುಮಾರು 12ರಿಂದ 15 ಲೀಟರ್ ಸಾರಜನಕ ಆವಿಯಾಗಿ ಹೋಗುತ್ತದೆ, ಅಷ್ಟನ್ನು ಮತ್ತೆ ತುಂಬಿಸುತ್ತಾ ಹೋಗಬೇಕು. ಮಟ್ಟ ಇಳಿದರೂ ಮೆದುಳು ಕೊನೆಯವರೆಗೆ ದ್ರವದೊಳಗೇ ಇರಲಿ ಎಂದು ದೇಹಗಳನ್ನು ತಲೆ ಕೆಳಗಾಗಿ ಇಡುತ್ತಾರೆ. 2020ರ ಅಕ್ಟೋಬರ್ 12ರಂದು ಮುಂಬಯಿ ಮಹಾನಗರದ ವಿದ್ಯುತ್ ಗಂಟೆಗಟ್ಟಲೆ ಹೋದಾಗ ಅಂಥ ಪಾತ್ರೆ ಅಲ್ಲಿದ್ದಿದ್ದರೆ ಅದಕ್ಕೆ ಏನೂ ಆಗುತ್ತಿರಲಿಲ್ಲ. ವಿದ್ಯುತ್ ಬೇಕಾಗುವುದು ಗಾಳಿ ಆಡಿಸುವ ಫ್ಯಾನುಗಳಿಗೆ, ಆಮ್ಲಜನಕ ಅಳೆಯುವ ಸಂವೇದಕಗಳಿಗೆ ಮತ್ತು ಅಲಾರಂಗಳಿಗೆ, ಎಂದರೆ ಅಲ್ಲಿ ಕೆಲಸ ಮಾಡುವ ಜೀವಂತ ಮನುಷ್ಯರಿಗೆ.

ಪ್ರಶ್ನೆ: ಯಂತ್ರವೇ ಇಲ್ಲದ ಮೇಲೆ ಹೆಚ್ಚು ಜನ ಏಕೆ ಬೇಕು? ಒಬ್ಬ ಕಾವಲುಗಾರ ಸಾಲದೇ?

ಯಂತ್ರ ಇಲ್ಲದಿರುವುದರಿಂದಲೇ ಜನ ಬೇಕು. ಲೆಕ್ಕ ಹೀಗಿದೆ. ವಾರದಲ್ಲಿ 168 ಗಂಟೆಗಳಿವೆ, ಒಬ್ಬ ನೌಕರನ ವಾರದ ಕೆಲಸ 48 ಗಂಟೆ. ಒಂದು ಜಾಗದಲ್ಲಿ ಸದಾ ಒಬ್ಬರು ಇರಬೇಕಾದರೆ ಕಾಗದದ ಮೇಲೆಯೇ ಮೂರೂವರೆ ಜನ ಬೇಕು. ರಜೆ, ಕಾಯಿಲೆ, ಹೆರಿಗೆ ರಜೆ, ತರಬೇತಿ, ಕೆಲಸ ಬಿಟ್ಟು ಹೋದವರ ಜಾಗ ತುಂಬುವ ತಿಂಗಳುಗಳು, ಇವನ್ನೆಲ್ಲ ಸೇರಿಸಿದರೆ ಐವರಾಗುತ್ತಾರೆ. ಸಾರಜನಕ ಇರುವ ಕೋಣೆಗೆ ಒಬ್ಬರೇ ಹೋಗಬಾರದು ಎಂಬ ನಿಯಮವನ್ನು ಪಾಲಿಸಿದರೆ ಹತ್ತು ಜನ. ಒಂದೇ ಒಂದು ಡ್ಯೂವಾರ್ ಇದ್ದರೂ ಈ ಹತ್ತು ಕಡಿಮೆಯಾಗುವುದಿಲ್ಲ, ಇಪ್ಪತ್ತು ಡ್ಯೂವಾರ್ ಇದ್ದರೂ ಹೆಚ್ಚೇನೂ ಏರುವುದಿಲ್ಲ. ಸಣ್ಣ ಸಂಗ್ರಹಾಗಾರಗಳಿಗೆ ಖರ್ಚು ಹೊರಲಾರದಷ್ಟು ಭಾರವಾಗುವುದು ಇದೇ ಕಾರಣಕ್ಕೆ. ಮಧ್ಯರಾತ್ರಿಯ ಪಾಳಿಯನ್ನು ಬಿಟ್ಟು ಹಗಲಿಗೆ ಮಾತ್ರ ಜನರನ್ನಿಟ್ಟು, ರಾತ್ರಿ ಫೋನಿಗೆ ಅಲಾರಂ ಬರುವಂತೆ ಮಾಡಿಕೊಂಡರೆ ಸಂಖ್ಯೆಯನ್ನು ಅರ್ಧಕ್ಕೆ ಇಳಿಸಬಹುದು. ಹಾಗೆ ಮಾಡುವುದಾದರೆ ಕನಿಷ್ಠ ಇಬ್ಬರು ಇಪ್ಪತ್ತು ನಿಮಿಷದೊಳಗೆ ಬಂದು ಸೇರುವಷ್ಟು ಹತ್ತಿರ ವಾಸವಿರಬೇಕು. ಆದ್ದರಿಂದ ಸ್ಥಳದ ಪ್ರಶ್ನೆ ಮತ್ತು ಸಿಬ್ಬಂದಿಯ ಪ್ರಶ್ನೆ ಬೇರೆ ಬೇರೆಯಲ್ಲ. ಊರಿನಿಂದ ದೂರ ಅಗ್ಗದ ಜಾಗ ಕೊಂಡವರು, ಅಲ್ಲಿ ಮನೆ ಮಾಡಿಕೊಂಡು ಇರುವ ಜನರನ್ನು ಹುಡುಕಲು ಆ ಉಳಿತಾಯವನ್ನೆಲ್ಲ ಖರ್ಚು ಮಾಡಬೇಕಾಗುತ್ತದೆ.

ಪ್ರಶ್ನೆ: ಇಬ್ಬರು ಇರಲೇಬೇಕೆಂಬ ನಿಯಮ ಅತಿಯಾಯಿತಲ್ಲವೇ?

ಖಂಡಿತ ಅಲ್ಲ. ಈ ಒಂದು ವಿಷಯದಲ್ಲಿ ನಾನು ಯಾರೊಂದಿಗೂ ರಾಜಿಯಾಗುವುದಿಲ್ಲ. ಸಾರಜನಕ ವಿಷವಲ್ಲ, ನಾವು ಉಸಿರಾಡುವ ಗಾಳಿಯಲ್ಲಿ ಶೇಕಡಾ 78ರಷ್ಟು ಇರುವುದೇ ಅದು. ಆದರೆ ಒಂದು ಲೀಟರ್ ದ್ರವ ಆವಿಯಾದಾಗ ಸುಮಾರು 700 ಲೀಟರ್ ಅನಿಲವಾಗುತ್ತದೆ. ಐದು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲ, ಮೂರು ಮೀಟರ್ ಎತ್ತರದ ಮುಚ್ಚಿದ ಕೋಣೆಯಲ್ಲಿ 20 ಲೀಟರ್ ಚೆಲ್ಲಿತು ಎಂದುಕೊಳ್ಳಿ. ಕೋಣೆಯ 60 ಘನ ಮೀಟರ್ ಗಾಳಿಯಲ್ಲಿ ಸುಮಾರು 14 ಘನ ಮೀಟರ್ ಸಾರಜನಕ ಬಂದು ತುಂಬಿಕೊಳ್ಳುತ್ತದೆ, ಶೇ. 20.9 ಇದ್ದ ಆಮ್ಲಜನಕ ಶೇ. 16ರಿಂದ 17ರ ನಡುವೆ ಇಳಿಯುತ್ತದೆ. ಶೇ. 19.5ಕ್ಕಿಂತ ಕೆಳಗೆ ಇಳಿದರೆ ಅದು ಅಪಾಯದ ಮಟ್ಟ. ಸಾರಜನಕಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ, ಉಸಿರು ಕಟ್ಟಿದ ಅನುಭವವೂ ಆಗುವುದಿಲ್ಲ, ಏಕೆಂದರೆ ಆ ಅನುಭವ ಕೊಡುವುದು ಇಂಗಾಲದ ಡೈಆಕ್ಸೈಡ್. ತಣ್ಣಗಿನ ಅನಿಲ ಭಾರವಾಗಿದ್ದು ನೆಲದ ಬಳಿಯೇ ಶೇಖರವಾಗುತ್ತದೆ, ಆದ್ದರಿಂದ ಕುಸಿದು ಬಿದ್ದವನು ಇನ್ನೂ ಕೆಟ್ಟ ಗಾಳಿಯಲ್ಲಿ ಬೀಳುತ್ತಾನೆ. 2021ರ ಜನವರಿ 28ರಂದು ಅಮೆರಿಕದ ಜಾರ್ಜಿಯಾ ರಾಜ್ಯದ ಗೇನ್ಸ್‌ವಿಲ್‌ನಲ್ಲಿ ಕೋಳಿಮಾಂಸದ ಕಾರ್ಖಾನೆಯೊಂದರಲ್ಲಿ ದ್ರವ ಸಾರಜನಕ ಸೋರಿ ಆರು ಕಾರ್ಮಿಕರು ಸತ್ತರು. ಕುಸಿದವರನ್ನು ಎತ್ತಲು ಹೋದವರೇ ಸಾಯುವುದು ಇಂಥ ಅವಘಡಗಳಲ್ಲಿ ಪದೇ ಪದೇ ನಡೆಯುತ್ತದೆ. ಎರಡನೆಯ ವ್ಯಕ್ತಿಯ ಕೆಲಸ ಒಳಗೆ ಧಾವಿಸುವುದಲ್ಲ. ಹೊರಗೆ ನಿಂತು ಮೀಟರ್ ನೋಡುವುದು, ಬಾಗಿಲು ತೆರೆಯುವುದು, ಕರೆ ಮಾಡುವುದು, ಉಸಿರಾಟದ ಉಪಕರಣ ಧರಿಸಿದ ಮೇಲೆಯೇ ಒಳಗೆ ಹೋಗುವುದು. ನೆಲಮಾಳಿಗೆಯಲ್ಲಿ ಸಂಗ್ರಹಾಗಾರ ಕಟ್ಟಬಾರದು ಎಂದು ನಾನು ಹೇಳುವುದೂ ಇದಕ್ಕಾಗಿಯೇ. ನೆಲಮಾಳಿಗೆ ಭದ್ರವೆಂದು ತೋರಿದರೂ ತಣ್ಣನೆಯ ಅನಿಲ ಇಳಿದು ತುಂಬಿಕೊಳ್ಳುವ ಜಾಗ ಅದು.

ಪ್ರಶ್ನೆ: ಈಗ ಸಂವೇದಕಗಳು, ಅಲಾರಂಗಳು ಅಗ್ಗವಾಗಿವೆ. ಜನರ ಬದಲು ಅವುಗಳನ್ನೇ ನಂಬಬಹುದಲ್ಲವೇ?

2018ರ ಮಾರ್ಚ್ 4ರಂದು ಅಮೆರಿಕದ ಕ್ಲೀವ್‌ಲೆಂಡ್‌ನ ಆಸ್ಪತ್ರೆಯ ಫಲವತ್ತತೆ ಕೇಂದ್ರದಲ್ಲಿ ಶೇಖರಣಾ ಟ್ಯಾಂಕ್ ಒಂದು ಬೆಚ್ಚಗಾಗಿ ಸುಮಾರು 4000 ಅಂಡಾಣು ಮತ್ತು ಭ್ರೂಣಗಳು ನಾಶವಾದವು. ಅಲ್ಲಿ ದೂರಸಂಪರ್ಕದ ಅಲಾರಂ ಇತ್ತು, ಆದರೆ ಅದನ್ನು ಆರಿಸಿ ಇಡಲಾಗಿತ್ತು. ಕಾಕತಾಳೀಯವೆಂಬಂತೆ ಅದೇ ದಿನ ಸ್ಯಾನ್ ಫ್ರಾನ್ಸಿಸ್ಕೋದ ಇನ್ನೊಂದು ಕೇಂದ್ರದಲ್ಲಿಯೂ ಟ್ಯಾಂಕ್ ಕೈಕೊಟ್ಟಿತು. ಅಲಾರಂ ಮೇಲೆ ಅಲಾರಂ ಬರುತ್ತಿದ್ದರೆ, ಅವುಗಳಲ್ಲಿ ಬಹಳಷ್ಟು ಸುಳ್ಳಾಗಿದ್ದರೆ, ಮನುಷ್ಯರು ಅದನ್ನು ಆರಿಸಿಬಿಡುತ್ತಾರೆ.

ನನ್ನ ಕಣ್ಣೆದುರೇ ನಡೆದ ಸಂಗತಿಯನ್ನೂ ಹೇಳುತ್ತೇನೆ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ದೀಪಾವಳಿಯ ವಾರ ರಜೆಗೆಂದು ಊರಿಗೆ ಹೋಗುವ ಮುಂಚೆ ಸಹೋದ್ಯೋಗಿಯೊಬ್ಬರು ಮುಂದಿನ ಮೂರು ದಿನಗಳ ಮಟ್ಟವನ್ನು ರಿಜಿಸ್ಟರ್‌ನಲ್ಲಿ ಮೊದಲೇ ಬರೆದು ಸಹಿ ಹಾಕಿದ್ದರು. ಪುಟದ ಮೇಲೆ ಎಲ್ಲ ಸರಿಯಾಗಿತ್ತು. ಜಾರ್‌ನ ಮುಚ್ಚಳ ತೆಗೆದಾಗ ತಳದಲ್ಲಿ ಹೊಗೆಯೂ ಇರಲಿಲ್ಲ. ಹನ್ನೊಂದು ವರ್ಷ ಬೆಳೆಸಿ ಉಳಿಸಿದ್ದ ಜೀವಕೋಶಗಳ ತಳಿ ಒಂದೇ ಹಬ್ಬದಲ್ಲಿ ಹೋಯಿತು. ಆ ವಾರ ಉಸ್ತುವಾರಿಯ ಜವಾಬ್ದಾರಿ ನನ್ನದೂ ಆಗಿತ್ತು, ನಾನೂ ರಿಜಿಸ್ಟರ್ ನೋಡಿ ಸಮಾಧಾನಪಟ್ಟಿದ್ದೆ. ಜೀವಕೋಶಗಳ ಬದಲು ಯಾರದೋ ತಾಯಿಯ ದೇಹ ಅಲ್ಲಿದ್ದಿದ್ದರೆ ಎಂಬ ಯೋಚನೆ ನನ್ನನ್ನು ಇಂದಿಗೂ ಬಿಟ್ಟಿಲ್ಲ.

ಪ್ರಶ್ನೆ: ಈ ಕೆಲಸ ಬಲ್ಲವರು ನಮ್ಮ ಕಡೆ ಸಿಗುತ್ತಾರೆಯೇ?

ಜನ ಅಂದುಕೊಂಡಿರುವುದಕ್ಕಿಂತ ಹೆಚ್ಚು ಸಿಗುತ್ತಾರೆ, ಮತ್ತು ಅವರಲ್ಲಿ ಅನೇಕರು ಹಳ್ಳಿಗಳಿಂದ ಬಂದವರು. ಪುಣೆಯಿಂದ ಸೋಲಾಪುರದ ದಾರಿಯಲ್ಲಿ ಸುಮಾರು 30 ಕಿಲೋಮೀಟರ್ ದೂರದ ಉರುಳಿ ಕಾಂಚನದಲ್ಲಿ ಮಣಿಭಾಯಿ ದೇಸಾಯಿ ಅವರು 1967ರಲ್ಲಿ ಕಟ್ಟಿದ ಬೈಫ್ ಸಂಸ್ಥೆ ಹೋರಿಗಳ ವೀರ್ಯವನ್ನು ದ್ರವ ಸಾರಜನಕದಲ್ಲಿ ಘನೀಕರಿಸಿ ಊರೂರಿಗೆ ಕಳುಹಿಸುತ್ತಾ ಬಂದಿದೆ. ಧಾರವಾಡ, ತುಮಕೂರು ಕಡೆಯ ಹಳ್ಳಿಗಳಲ್ಲಿ ಹಸುವಿಗೆ ಇಂಜೆಕ್ಷನ್, ಎಂದರೆ ಕೃತಕ ಗರ್ಭಧಾರಣೆ, ಮಾಡಿಸಲು ಕರೆದಾಗ ಬೈಕಿನ ಹಿಂದೆ ಸಾರಜನಕದ ಜಾರ್ ಕಟ್ಟಿಕೊಂಡು ಬರುವ ತರುಣನನ್ನು ನೋಡದ ರೈತರಿಲ್ಲ. ಮರದ ಕಡ್ಡಿಯನ್ನು ಜಾರ್‌ಗೆ ಅದ್ದಿ, ಹೊರತೆಗೆದು, ಎಲ್ಲಿಯವರೆಗೆ ಮಂಜು ಹಿಡಿದಿದೆ ಎಂದು ನೋಡಿ ಮಟ್ಟ ಹೇಳುವ ಆ ಕೈಗಳಿಗೆ ಈ ಕೆಲಸದ ಅರ್ಧ ಪಾಠ ಆಗಲೇ ಬಂದಿರುತ್ತದೆ. ಇವರ ಜೊತೆಗೆ ಐವಿಎಫ್ ಕೇಂದ್ರಗಳ ಭ್ರೂಣತಜ್ಞರು, ಪುಣೆಯ ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರದಂಥ ಸಂಸ್ಥೆಗಳ ತಾಂತ್ರಿಕ ಸಿಬ್ಬಂದಿ, ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಅತಿಶೀತ ವಿಭಾಗದಂಥ ಕಡೆ ತರಬೇತಿ ಪಡೆದವರು, ಚಾಕಣ್ ಮತ್ತು ತಳೋಜಾ ಕಡೆಯ ಅನಿಲ ಘಟಕಗಳಿಂದ ನಿವೃತ್ತರಾದವರು ಇದ್ದಾರೆ.

ಸಿಗದವರು ಬೇರೆ ರೀತಿಯವರು. ಮರಣದ ಕೂಡಲೇ ರಕ್ತನಾಳಕ್ಕೆ ನಳಿಕೆ ಹಾಕಿ ದ್ರಾವಣ ಹರಿಸಲು ಶಸ್ತ್ರವೈದ್ಯರೂ, ಹೃದಯ ಶಸ್ತ್ರಚಿಕಿತ್ಸೆಯಲ್ಲಿ ಹಾರ್ಟ್ ಲಂಗ್ ಯಂತ್ರ ನಡೆಸುವ ಪರ್ಫ್ಯೂಷನಿಸ್ಟ್‌ಗಳೂ ಬೇಕು. ಮುಂಬಯಿ, ಪುಣೆಯಲ್ಲಿ ಅವರಿಗೆ ಕೊರತೆಯಿಲ್ಲ, ಆದರೆ ವರ್ಷಕ್ಕೆ ಒಂದೋ ಎರಡೋ ಪ್ರಕರಣಗಳಿಗಾಗಿ ಅವರನ್ನು ಕಾಯಂ ಇಟ್ಟುಕೊಳ್ಳಲು ಸಾಧ್ಯವಿಲ್ಲ, ಇಟ್ಟುಕೊಂಡರೆ ಅಭ್ಯಾಸವಿಲ್ಲದೆ ಅವರ ಕೈ ಮರೆಯುತ್ತದೆ. ಆಸ್ಪತ್ರೆಗಳಲ್ಲಿ ಕೆಲಸದಲ್ಲಿರುವವರನ್ನೇ ಕರೆದಾಗ ಬರುವ ಒಪ್ಪಂದದ ಮೇಲೆ ಇಟ್ಟುಕೊಂಡು, ವರ್ಷಕ್ಕೆ ಹಲವು ಸಲ ಅಣಕು ಅಭ್ಯಾಸ ಮಾಡಿಸುವುದೇ ಸರಿಯಾದ ದಾರಿ.

ಪ್ರಶ್ನೆ: ಶವದ ಕೆಲಸವೆಂದು ಜನ ಹಿಂಜರಿಯುವುದಿಲ್ಲವೇ?

ಹಿಂಜರಿಯುತ್ತಾರೆ. ನಮ್ಮ ದೇಶದಲ್ಲಿ ಶವಾಗಾರದ ಕೆಲಸವನ್ನು ಕೆಲವೇ ಜಾತಿಗಳ ಹೆಗಲಿಗೆ ಹೊರಿಸಿ, ಗುತ್ತಿಗೆಯ ಕೂಲಿ ಕೊಟ್ಟು, ಕೈಗವಸನ್ನೂ ಸರಿಯಾಗಿ ಕೊಡದೆ ನಡೆಸಿಕೊಂಡು ಬಂದಿರುವುದು ಗುಟ್ಟೇನಲ್ಲ. ಕ್ರಯೋನಿಕ್ಸ್ ಸಂಗ್ರಹಾಗಾರ ಇಲ್ಲಿ ಬಂದರೆ ಅದೇ ಪದ್ಧತಿ ಒಳಗೆ ನುಸುಳುವ ಅಪಾಯ ನಿಜವಾದದ್ದು: ಯೋಜನೆಯ ಕಾಗದದಲ್ಲಿ ಎಂಜಿನಿಯರುಗಳ ಹೆಸರು, ಡ್ಯೂವಾರ್‌ನ ಬಳಿ ಹೆಸರಿಲ್ಲದ ಗುತ್ತಿಗೆ ಕಾರ್ಮಿಕ. ಅದಕ್ಕೆ ಅವಕಾಶ ಕೊಡಬಾರದು. ಸಾರಜನಕ ತುಂಬುವವರೆಲ್ಲ ಕಾಯಂ ತಂತ್ರಜ್ಞರಾಗಿರಬೇಕು, ಭವಿಷ್ಯನಿಧಿ ಮತ್ತು ವಿಮೆ ಇರಬೇಕು, ಅಪಾಯ ಕಂಡಾಗ ಕೆಲಸ ನಿಲ್ಲಿಸುವ ಅಧಿಕಾರ ಅವರಲ್ಲಿ ಅತ್ಯಂತ ಕಿರಿಯರಿಗೂ ಇರಬೇಕು. ವಿದೇಶದ ಸಂಸ್ಥೆಗಳಲ್ಲಿ ಇಟ್ಟವರನ್ನು ಶವ ಎನ್ನದೆ ರೋಗಿ ಎಂದು ಕರೆಯುವ ರೂಢಿಯಿದೆ. ಆ ಮಾತಿನ ವೈಜ್ಞಾನಿಕ ಆಧಾರದ ಬಗ್ಗೆ ಭಿನ್ನಾಭಿಪ್ರಾಯವಿರಬಹುದು, ಆದರೆ ರಾತ್ರಿ ಎರಡು ಗಂಟೆಗೆ ಕಡ್ಡಿ ಅದ್ದಿ ನೋಡುವವನಿಗೆ ತಾನು ರೋಗಿಯನ್ನು ನೋಡಿಕೊಳ್ಳುತ್ತಿದ್ದೇನೆ ಎಂದು ಅನ್ನಿಸುವುದು ಒಳ್ಳೆಯದೇ.

ಪ್ರಶ್ನೆ: ವೈದ್ಯರು, ವಿಮಾನ ನಿಲ್ದಾಣ, ನಮ್ಮ ಜನ ಎಲ್ಲವೂ ಮುಂಬಯಿಯಲ್ಲಿರುವಾಗ ಅಲ್ಲೇ ಏಕೆ ಬೇಡ?

ಮರಣದ ಸಮಯಕ್ಕೆ ಬೇಕಾದದ್ದೆಲ್ಲ ಮುಂಬಯಿಯಲ್ಲಿದೆ, ಮರಣದ ನಂತರದ ನೂರು ವರ್ಷಕ್ಕೆ ಬೇಕಾದದ್ದು ಅಲ್ಲಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಮಳೆ ಸುರಿದಾಗ ಪಾಳಿ ಬದಲಿಸುವವರು ಕುರ್ಲಾದಿಂದ ಪಕ್ಕದ ಸಾಯನ್‌ಗೂ ಬರಲಾರದೆ ಹೋದರು. ಎದೆಮಟ್ಟದ ನೀರಿನಲ್ಲಿ ನಡೆದ ನೆನಪು ಆ ಪೀಳಿಗೆಯ ಪ್ರತಿಯೊಬ್ಬ ಮುಂಬಯಿ ಕನ್ನಡಿಗರಲ್ಲಿದೆ. ಅಂಥ ದಿನ ಸಾರಜನಕದ ಟ್ಯಾಂಕರ್ ಬರುವ ಮಾತೇ ಇಲ್ಲ. ಸಮುದ್ರದ ಉಪ್ಪುಗಾಳಿಯಲ್ಲಿರುವ ಕ್ಲೋರೈಡ್ ಸ್ಟೇನ್‌ಲೆಸ್ ಉಕ್ಕನ್ನೂ ಚುಕ್ಕಿ ಚುಕ್ಕಿಯಾಗಿ ತಿನ್ನುತ್ತದೆ. ಹತ್ತು ವರ್ಷದ ಉಪಕರಣಕ್ಕೆ ಅದು ಲೆಕ್ಕಕ್ಕಿಲ್ಲದಿರಬಹುದು, ತಲೆಮಾರುಗಳ ಕಾಲ ನಿರ್ವಾತವನ್ನು ಹಿಡಿದಿಡಬೇಕಾದ ಗೋಡೆಗೆ ಲೆಕ್ಕಕ್ಕಿದೆ. ಇನ್ನು ಜಾಗದ ಬೆಲೆ: ಬಾಡಿಗೆಯ ಕಟ್ಟಡದಲ್ಲಿ ಇಂಥ ಸಂಗ್ರಹಾಗಾರ ನಡೆಸಬಾರದು, ಸ್ವಂತ ಜಾಗ ಕೊಳ್ಳಲು ಅಲ್ಲಿ ಸಾಧ್ಯವಾಗದು. ಮುಂಬಯಿಯಲ್ಲಿ ಇರಬೇಕಾದದ್ದು ಒಂದು ಸಣ್ಣ ತುರ್ತು ತಂಡ ಮತ್ತು ಒಂದು ಸಜ್ಜಾದ ವಾಹನ.

ಪ್ರಶ್ನೆ: ಗೋವೆ ಶಾಂತವಾಗಿದೆ, ಜಾಗವೂ ಇದೆ. ಅಲ್ಲಿ ಆಗಬಹುದೇ?

ವಾಸ್ಕೋ ಮತ್ತು ಜುವಾರಿನಗರದ ಕನ್ನಡಿಗರು ಈ ಪ್ರಶ್ನೆಯನ್ನು ಪ್ರೀತಿಯಿಂದ ಕೇಳುತ್ತಾರೆ, ಆದರೂ ನನ್ನ ಉತ್ತರ ಬೇಡ ಎಂದೇ. ಗೋವೆಗೆ ಹೊರಗಿನಿಂದ ಭಾರಿ ಟ್ಯಾಂಕರ್ ಬರಬೇಕಾದರೆ ಚೋರ್ಲಾ, ಅನಮೋಡದಂಥ ಘಾಟಿಗಳನ್ನು ಇಳಿಯಬೇಕು, ಇಲ್ಲವೇ ಕರಾವಳಿಯ ಹೆದ್ದಾರಿಯನ್ನು ಹಿಡಿಯಬೇಕು. ಮಳೆಗಾಲದಲ್ಲಿ ಘಾಟಿಗಳಲ್ಲಿ ಗುಡ್ಡ ಜರಿಯುತ್ತದೆ. 2021ರ ಜುಲೈನಲ್ಲಿ ಚಿಪಳೂಣ ಮುಳುಗಿದಾಗ ವಾಶಿಷ್ಠಿ ನದಿಯ ಸೇತುವೆಗೆ ಹಾನಿಯಾಗಿ ಮುಂಬಯಿ-ಗೋವಾ ಹೆದ್ದಾರಿಯೂ ಮುಚ್ಚಿತ್ತು. ಚೌತಿಯ ದಿನಗಳಲ್ಲಿ ಮಹಾರಾಷ್ಟ್ರ ಸರ್ಕಾರ ಅದೇ ಹೆದ್ದಾರಿಯಲ್ಲಿ ಭಾರಿ ವಾಹನಗಳನ್ನು ನಿರ್ಬಂಧಿಸುತ್ತದೆ, ಅಗತ್ಯ ವಸ್ತುಗಳಿಗೆ ಮಾತ್ರ ವಿನಾಯಿತಿ. ವೈದ್ಯಕೀಯ ಆಮ್ಲಜನಕ ಆ ಪಟ್ಟಿಯಲ್ಲಿ ಬರುತ್ತದೆ. ಕ್ರಯೋನಿಕ್ಸ್‌ನ ಸಾರಜನಕವೂ ಅಗತ್ಯವೆಂದು ಚೆಕ್‌ಪೋಸ್ಟಿನಲ್ಲಿ ನಿಂತು ವಾದಿಸುವ ಸ್ಥಿತಿ ಬರಬಾರದು. ಅದೇ ವಾರ ಸ್ಥಳೀಯ ಸಿಬ್ಬಂದಿಯೆಲ್ಲ ಗಣಪತಿಗೆಂದು ಊರಿನ ಮನೆಗೆ ಹೋಗುತ್ತಾರೆ, ಅವರನ್ನು ತಡೆಯುವುದು ನ್ಯಾಯವೂ ಅಲ್ಲ.

ಪ್ರಶ್ನೆ: ಹಾಗಾದರೆ ಉಳಿದದ್ದು ಪುಣೆ. ಪುಣೆಯ ಯಾವ ಭಾಗ?

ನಗರದೊಳಗೆ ಅಲ್ಲ, ಪಶ್ಚಿಮದ ಬೆಟ್ಟಗಳ ಕಡೆಯೂ ಅಲ್ಲ. ನದಿಯ ಬದಿಯಂತೂ ಬೇಡ: 1961ರ ಜುಲೈ 12ರಂದು ಪಾನಶೇತ್ ಅಣೆಕಟ್ಟು ಒಡೆದು ಪುಣೆಯ ಹಳೆಯ ಪೇಟೆಗಳೊಳಗೆ ನೀರು ನುಗ್ಗಿದ್ದನ್ನು ಇಲ್ಲಿನ ಹಿರಿಯರು ಇನ್ನೂ ಹೇಳುತ್ತಾರೆ. ನನ್ನ ಆಯ್ಕೆ ಪೂರ್ವಕ್ಕೆ, ಉರುಳಿ ಕಾಂಚನದಿಂದ ದೌಂಡ್‌ವರೆಗಿನ ಪಟ್ಟಿಯಲ್ಲಿ, ಮುಳಾ-ಮುಠಾ ಮತ್ತು ಭೀಮಾ ನದಿಗಳ ನೆರೆಯ ಗೆರೆಗಿಂತ ಸಾಕಷ್ಟು ಎತ್ತರದ ದಿಬ್ಬದ ಮೇಲೆ.

ಅದಕ್ಕೆ ಕಾರಣಗಳು ಹಲವು. ಅದು ಮಳೆನೆರಳಿನ ನಾಡು, ದೌಂಡ್ ಕಡೆ ವರ್ಷಕ್ಕೆ 500 ಮಿಲಿಮೀಟರ್ ಆಸುಪಾಸಿನ ಮಳೆ. ಗಾಳಿಯಲ್ಲಿ ತೇವ ಕಡಿಮೆಯಿದ್ದರೆ ಡ್ಯೂವಾರ್‌ನ ಮುಚ್ಚಳದ ಸುತ್ತ ಮಂಜುಗಡ್ಡೆ ಕಟ್ಟುವುದೂ ಕಡಿಮೆ. ಚಾಕಣ್ ಕಡೆಯ ಘಟಕಗಳಿಂದ ಅಲ್ಲಿಗೆ ಟ್ಯಾಂಕರ್ ಬರಲು ಯಾವ ಘಾಟಿಯನ್ನೂ ದಾಟಬೇಕಿಲ್ಲ, ಮುಂಬಯಿ-ಪುಣೆ ನಡುವಿನ ಬೋರ್ ಘಾಟ್ ಮುಚ್ಚಿದರೂ ಸರಬರಾಜು ನಡೆಯುತ್ತದೆ. ಗಣೇಶ ವಿಸರ್ಜನೆಯಂದು ಪುಣೆಯ ಲಕ್ಷ್ಮೀ ರಸ್ತೆಯ ಮೆರವಣಿಗೆ ಇಡೀ ರಾತ್ರಿ ನಡೆದರೂ ಹೊರವಲಯದ ದಾರಿಗಳು ತೆರೆದಿರುತ್ತವೆ. ಸಾರಜನಕದ ಜಾರ್ ಎಂದರೆ ಹೆದರದ ಜನ ಉರುಳಿ ಕಾಂಚನದ ಸುತ್ತಮುತ್ತಲೇ ಇದ್ದಾರೆ, ಮನೆ, ಶಾಲೆ, ಆಸ್ಪತ್ರೆ ಕೈಗೆಟಕುವ ಬೆಲೆಯಲ್ಲಿ ಇರುವುದರಿಂದ ಅವರು ಅಲ್ಲೇ ನೆಲೆಸಬಲ್ಲರು. ದೌಂಡ್ ರೈಲ್ವೆ ಜಂಕ್ಷನ್. ಕಲಬುರಗಿ, ರಾಯಚೂರು ಕಡೆಯ ಕುಟುಂಬದವರು ವರ್ಷಕ್ಕೊಮ್ಮೆ ಬಂದು ಹೋಗಲು ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದರೆ ಸಾಕು.

ಒಂದು ಎಚ್ಚರಿಕೆ ಮಣ್ಣಿನ ಬಗ್ಗೆ. ಆ ಪಟ್ಟಿಯಲ್ಲಿ ಬಹಳ ಕಡೆ ಎರೆಮಣ್ಣಿದೆ, ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಾಯಿ ಬಿಡುತ್ತದೆ. ಟನ್‌ಗಟ್ಟಲೆ ತೂಗುವ, ಒಂದಿಷ್ಟೂ ವಾಲಬಾರದ ಪಾತ್ರೆಗಳಿಗೆ ಅದರ ಮೇಲೆ ನೆಲ ಹಾಕಬಾರದು. ಎರೆಯನ್ನು ತೆಗೆದು ಕೆಳಗಿನ ಮೊರಂ ಅಥವಾ ಕರಿಕಲ್ಲಿನ ಬಂಡೆಯವರೆಗೆ ಅಡಿಪಾಯ ಇಳಿಸಬೇಕು.

ಪ್ರಶ್ನೆ: ಭೂಕಂಪದ ಭಯವಿಲ್ಲವೇ?

ಇದೆ. ಭೂಕಂಪ ನಿರೋಧಕ ವಿನ್ಯಾಸದ ಭಾರತೀಯ ಮಾನಕದ 2016ರ ಆವೃತ್ತಿಯಲ್ಲಿ ಮುಂಬಯಿ, ಪುಣೆ, ಗೋವೆ ಮೂರೂ ಮೂರನೆಯ ವಲಯದಲ್ಲಿವೆ, ಆದ್ದರಿಂದ ಈ ವಿಷಯದಲ್ಲಿ ಮೂರರ ನಡುವೆ ಆರಿಸುವಂತಿಲ್ಲ. 1967ರ ಡಿಸೆಂಬರ್ 11ರಂದು ಕೊಯ್ನಾದಲ್ಲಿ 6ಕ್ಕೂ ಹೆಚ್ಚು ತೀವ್ರತೆಯ ಭೂಕಂಪವಾಯಿತು. ಉರುಳಿ ಕಾಂಚನ ಅಲ್ಲಿಂದ ನೂರು ಕಿಲೋಮೀಟರ್‌ಗೂ ಹೆಚ್ಚು ದೂರದಲ್ಲಿದೆ. ಆದರೆ ನಕ್ಷೆಯನ್ನೇ ನಂಬಿ ಕೂರುವಂತಿಲ್ಲ. 1993ರ ಸೆಪ್ಟೆಂಬರ್ 30ರಂದು ಸುಮಾರು ಹತ್ತು ಸಾವಿರ ಜನರನ್ನು ಬಲಿ ತೆಗೆದುಕೊಂಡ ಲಾತೂರಿನ ಕಿಲ್ಲಾರಿ ಪ್ರದೇಶ ಅಂದಿನ ನಕ್ಷೆಯಲ್ಲಿ ಅತ್ಯಂತ ಕಡಿಮೆ ಅಪಾಯದ ಒಂದನೆಯ ವಲಯದಲ್ಲಿತ್ತು. ಡ್ಯೂವಾರ್‌ಗಳನ್ನು ನೆಲಕ್ಕೂ ಒಂದಕ್ಕೊಂದಕ್ಕೂ ಬಿಗಿಯುವುದು, ಕಟ್ಟಡವನ್ನು ಒಂದೇ ಅಂತಸ್ತಿಗೆ ಸೀಮಿತಗೊಳಿಸುವುದು, ಹಗುರವಾದ ಚಾವಣಿ ಹಾಕುವುದು ಇವು ದೊಡ್ಡ ಖರ್ಚಿಲ್ಲದ ಉಪಾಯಗಳು.

ಪ್ರಶ್ನೆ: ಬೇರೆ ದೇಶಗಳವರು ಸ್ಥಳವನ್ನು ಹೇಗೆ ಆರಿಸಿದರು?

1972ರಲ್ಲಿ ಸ್ಥಾಪನೆಯಾದ ಅಮೆರಿಕದ ಆಲ್ಕೋರ್ ಎಂಬ ಕ್ರಯೋನಿಕ್ಸ್ ಸಂಸ್ಥೆ 1994ರಲ್ಲಿ ಭೂಕಂಪದ ಭಯವಿದ್ದ ಕ್ಯಾಲಿಫೋರ್ನಿಯಾವನ್ನು ಬಿಟ್ಟು, ರೋಗಿಗಳ ಸಮೇತ ಅರಿಜೋನಾದ ಸ್ಕಾಟ್ಸ್‌ಡೇಲ್‌ಗೆ ಸ್ಥಳಾಂತರವಾಯಿತು. ಆಸ್ಟ್ರೇಲಿಯಾದವರು ಸಿಡ್ನಿಯನ್ನೂ ಮೆಲ್ಬರ್ನ್ ಅನ್ನೂ ಬಿಟ್ಟು ಅವೆರಡರ ನಡುವಿನ ಹೆದ್ದಾರಿಯ ಹೋಲ್‌ಬ್ರೂಕ್ ಎಂಬ ಸಣ್ಣ ಊರನ್ನು ಆರಿಸಿಕೊಂಡರು, 2024ರಲ್ಲಿ ಅಲ್ಲಿ ಮೊದಲ ರೋಗಿಯನ್ನು ಇಡಲಾಯಿತು. ಕೆಟ್ಟ ಉದಾಹರಣೆಯನ್ನೂ ಮರೆಯಬಾರದು. ಲಾಸ್ ಏಂಜಲೀಸ್ ಬಳಿಯ ಚಾಟ್ಸ್‌ವರ್ತ್ ಸ್ಮಶಾನದ ನೆಲದಡಿಯ ಕೋಣೆಯೊಂದರಲ್ಲಿ 1970ರ ದಶಕದಲ್ಲಿ ಒಂಬತ್ತು ದೇಹಗಳು ಹಣ ಮತ್ತು ಉಸ್ತುವಾರಿಯಿಲ್ಲದೆ ಕರಗಿಹೋದವು, 1979ರಲ್ಲಿ ವಿಷಯ ಬೆಳಕಿಗೆ ಬಂತು. ಹೊಣೆಯೆಲ್ಲ ಹೆಚ್ಚುಕಡಿಮೆ ಒಬ್ಬನೇ ವ್ಯಕ್ತಿಯ ಮೇಲಿತ್ತು. 2021ರಲ್ಲಿ ರಷ್ಯಾದ ಸಂಸ್ಥೆಯೊಂದರಲ್ಲಿ ಇಬ್ಬರು ಮುಖ್ಯಸ್ಥರ ವೈಮನಸ್ಯ ಎಷ್ಟಕ್ಕೆ ಹೋಯಿತೆಂದರೆ ದೇಹಗಳಿದ್ದ ಡ್ಯೂವಾರ್‌ಗಳನ್ನೇ ಟ್ರಕ್‌ಗೆ ಏರಿಸಲಾಯಿತು, ಪೊಲೀಸರು ನಡುವೆ ಬರಬೇಕಾಯಿತು. ಸ್ಥಾಪಕರ ಒಳಜಗಳ ರೋಗಿಗಳನ್ನು ತಟ್ಟದಂತೆ ಟ್ರಸ್ಟಿನ ಪತ್ರದಲ್ಲಿಯೇ ಕಟ್ಟು ಹಾಕಬೇಕು.

ಪ್ರಶ್ನೆ: ಸಾರಜನಕದ ಸರಬರಾಜು ದೇಶದಾದ್ಯಂತ ನಿಂತರೆ?

ಅಂಥ ಸ್ಥಿತಿಯ ಅಂಚಿಗೆ ನಾವು 2021ರ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಹೋಗಿದ್ದೆವು. ಗಾಳಿಯನ್ನು ತಣಿಸಿ ಬೇರ್ಪಡಿಸುವ ಘಟಕಗಳೇ ಆಮ್ಲಜನಕವನ್ನೂ ಸಾರಜನಕವನ್ನೂ ಕೊಡುತ್ತವೆ. ಕೋವಿಡ್‌ನ ಎರಡನೆಯ ಅಲೆಯಲ್ಲಿ ಎಲ್ಲ ಶಕ್ತಿಯನ್ನೂ ಆಮ್ಲಜನಕಕ್ಕೆ ತಿರುಗಿಸಲಾಯಿತು, ಸಾರಜನಕ ಮತ್ತು ಆರ್ಗಾನ್ ಸಾಗಿಸುವ ಟ್ಯಾಂಕರ್‌ಗಳನ್ನು ಆಮ್ಲಜನಕಕ್ಕೆ ಮಾರ್ಪಡಿಸಲು ಕೇಂದ್ರ ಸರ್ಕಾರ ಆದೇಶಿಸಿತು. ಏಪ್ರಿಲ್ 19ರಂದು ಮೊದಲ ಆಕ್ಸಿಜನ್ ಎಕ್ಸ್‌ಪ್ರೆಸ್ ಖಾಲಿ ಟ್ಯಾಂಕರ್‌ಗಳನ್ನು ಹೊತ್ತು ವಿಶಾಖಪಟ್ಟಣಕ್ಕೆ ಹೊರಟದ್ದು ಮುಂಬಯಿ ಬಳಿಯ ನಮ್ಮ ಕಳಂಬೋಲಿಯಿಂದಲೇ. ಅದು ಸರಿಯಾದ ನಿರ್ಧಾರ. ಉಸಿರಿಗಾಗಿ ಒದ್ದಾಡುವವರಿಗಿಂತ ಮೊದಲು ನಮ್ಮ ಡ್ಯೂವಾರ್‌ಗೆ ಟ್ಯಾಂಕರ್ ಬರಲಿ ಎಂದು ಕೇಳುವ ಹಕ್ಕು ನಮಗಿಲ್ಲ, ಕೇಳಲೂ ಬಾರದು. ಆದ್ದರಿಂದ ಸಂಗ್ರಹಾಗಾರವು ಕನಿಷ್ಠ ಎರಡು ತಿಂಗಳ ಬಳಕೆಗೆ ಸಾಕಾಗುವ ದೊಡ್ಡ ಟ್ಯಾಂಕ್ ಇಟ್ಟುಕೊಂಡಿರಬೇಕು. ಹತ್ತು ಡ್ಯೂವಾರ್‌ಗಳಿಗೆ ದಿನಕ್ಕೆ 150 ಲೀಟರ್ ಎಂದು ಹಿಡಿದರೆ ಎರಡು ತಿಂಗಳಿಗೆ 9000 ಲೀಟರ್. ಟ್ಯಾಂಕ್‌ನಿಂದಲೇ ಆವಿಯಾಗಿ ಹೋಗುವುದನ್ನೂ ಲೆಕ್ಕಕ್ಕೆ ಹಿಡಿದು ಇನ್ನಷ್ಟು ದೊಡ್ಡದು ಬೇಕು. ಇಂಥ ಒತ್ತಡದ ಟ್ಯಾಂಕ್‌ಗಳಿಗೆ ನಾಗಪುರದಲ್ಲಿ ಕೇಂದ್ರ ಕಚೇರಿಯಿರುವ, ಪೆಟ್ರೋಲಿಯಂ ಮತ್ತು ಸ್ಫೋಟಕಗಳ ಸುರಕ್ಷತೆ ನೋಡುವ ಸರ್ಕಾರಿ ಸಂಸ್ಥೆ ಪೆಸೊದ ನಿಯಮಗಳು ಅನ್ವಯಿಸುತ್ತವೆ, ಸುತ್ತ ಬಿಡಬೇಕಾದ ಖಾಲಿ ಜಾಗದ ಲೆಕ್ಕವೂ ಅದರಲ್ಲಿ ಬರುತ್ತದೆ. ಜಾಗ ಕೊಳ್ಳುವ ಮೊದಲೇ ಇದನ್ನು ನೋಡಿಕೊಳ್ಳಬೇಕು.

ಪ್ರಶ್ನೆ: ನೂರು ವರ್ಷ ಸಂಬಳ ಕೊಡುವವರು ಯಾರು?

ಹತ್ತು ಜನ ತಂತ್ರಜ್ಞರಿಗೆ ತಿಂಗಳಿಗೆ ತಲಾ 30,000 ರೂಪಾಯಿ ಎಂದು ಹಿಡಿಯೋಣ. ವರ್ಷಕ್ಕೆ 36 ಲಕ್ಷ. ಬೆಲೆ ಏರಿಕೆಯನ್ನು ಕಳೆದ ಮೇಲೆ ಮೂಲಧನದಿಂದ ಶೇ. 2ರಷ್ಟು ನಿಜವಾದ ಆದಾಯ ಬರುತ್ತದೆ ಎಂದುಕೊಂಡರೆ, ಸಂಬಳಕ್ಕೆಂದೇ 18 ಕೋಟಿ ರೂಪಾಯಿಯ ನಿಧಿ ಬೇಕು. ಮೂವತ್ತು ಜನ ಹಂಚಿಕೊಂಡರೆ ತಲಾ 60 ಲಕ್ಷ, ಮುನ್ನೂರು ಜನರಾದರೆ 6 ಲಕ್ಷ. ಮಿಶಿಗನ್‌ನ ಕ್ರಯೋನಿಕ್ಸ್ ಇನ್‌ಸ್ಟಿಟ್ಯೂಟ್ 28,000 ಡಾಲರ್‌ಗೆ ದೇಹವನ್ನು ಇಟ್ಟುಕೊಳ್ಳುತ್ತದೆ ಎಂದು ಕೇಳಿ ಇಲ್ಲೂ ಹಾಗೇ ಆಗಬಹುದು ಎಂದುಕೊಳ್ಳುವವರು, ಅಲ್ಲಿ 200ಕ್ಕೂ ಹೆಚ್ಚು ರೋಗಿಗಳಿದ್ದಾರೆ ಎಂಬುದನ್ನು ನೆನಪಿಡಬೇಕು.

ಕಾನೂನಿನ ತೊಡಕೂ ಇದೆ. ನಮ್ಮ ಕಾನೂನಿನಲ್ಲಿ ಖಾಸಗಿ ಟ್ರಸ್ಟಿನ ಹೆಸರಿನಲ್ಲಿ ಆಸ್ತಿಯನ್ನು ಅನಂತಕಾಲ ಕಟ್ಟಿಹಾಕುವಂತಿಲ್ಲ, ಸಾರ್ವಜನಿಕ ಧರ್ಮಾರ್ಥ ಟ್ರಸ್ಟಿಗೆ ಮಾತ್ರ ಆ ಮಿತಿಯಿಲ್ಲ. ಗೋವೆಯವರಿಗೆ ಇನ್ನೊಂದು ಮಾತು: ಅಲ್ಲಿನ ಉತ್ತರಾಧಿಕಾರದ ಕಾನೂನಿನಂತೆ ಮಕ್ಕಳಿದ್ದವರು ತಮ್ಮ ಆಸ್ತಿಯಲ್ಲಿ ಅರ್ಧವನ್ನು ಮಾತ್ರ ಇಚ್ಛೆಯಂತೆ ಉಯಿಲು ಬರೆಯಬಹುದು. ಉಳಿದರ್ಧವನ್ನು ಕ್ರಯೋನಿಕ್ಸ್‌ಗೆ ಬರೆದಿಟ್ಟರೆ ನಿಲ್ಲುವುದಿಲ್ಲ.

ಪ್ರಶ್ನೆ: ನಮ್ಮ ಕನ್ನಡ ಸಂಘಗಳೇ ಸೇರಿ ಇದನ್ನು ನಡೆಸಬಹುದೇ?

ಮುಂಬಯಿಯ ಮೈಸೂರು ಅಸೋಸಿಯೇಷನ್ 1926ರಿಂದ ನಡೆದುಕೊಂಡು ಬಂದಿದೆ. ತಲೆಮಾರು ದಾಟಿ ಸಂಸ್ಥೆ ಉಳಿಸುವುದು ಹೊರನಾಡ ಕನ್ನಡಿಗರಿಗೆ ಹೊಸತಲ್ಲ. ಆದರೆ ಹೋಟೆಲುಗಳಲ್ಲಿ ದುಡಿಯುವ ಹುಡುಗರಿಗಾಗಿ ನಮ್ಮ ಹಿರಿಯರು ಕಟ್ಟಿದ ಕನ್ನಡ ರಾತ್ರಿಶಾಲೆಗಳು, ಬರುವ ಮಕ್ಕಳು ಕಡಿಮೆಯಾದಂತೆ ಒಂದೊಂದಾಗಿ ಮುಚ್ಚಿದ್ದನ್ನೂ ನಾವು ನೋಡಿದ್ದೇವೆ. ಶಾಲೆ ಮುಚ್ಚಿದರೆ ಮಕ್ಕಳು ಬೇರೆ ಶಾಲೆಗೆ ಹೋಗಬಹುದು. ಸಂಗ್ರಹಾಗಾರ ಮುಚ್ಚಿದರೆ ಒಳಗಿರುವವರಿಗೆ ಆ ದಾರಿಯಿಲ್ಲ. ಸಂಘಗಳು ಟ್ರಸ್ಟಿಗಳ ಮೇಲೆ ಕಣ್ಣಿಡುವ ಸಮಿತಿಗೆ ಪ್ರತಿನಿಧಿಗಳನ್ನು ಕಳುಹಿಸಲಿ, ನಡೆಸುವ ಹೊಣೆ ಸಂಬಳ ಪಡೆಯುವ ವೃತ್ತಿಪರರಿಗೇ ಇರಲಿ.

ಪ್ರಶ್ನೆ: ಸದ್ಯಕ್ಕೆ ದೇಹವನ್ನು ವಿದೇಶಕ್ಕೆ ಕಳುಹಿಸಬಹುದಲ್ಲವೇ?

ಕಾಗದದ ಮೇಲೆ ಸಾಧ್ಯ, ಆಚರಣೆಯಲ್ಲಿ ಬಹಳ ಕಷ್ಟ. ವಿಮಾನದಲ್ಲಿ ದೇಹ ಸಾಗಿಸಲು ಸಾಮಾನ್ಯವಾಗಿ ಎಂಬಾಮಿಂಗ್ ಪ್ರಮಾಣಪತ್ರ ಕೇಳುತ್ತಾರೆ, ಆ ರಾಸಾಯನಿಕ ಪ್ರಕ್ರಿಯೆ ಕ್ರಯೋನಿಕ್ಸ್‌ನ ದ್ರಾವಣಕ್ಕೆ ಅಡ್ಡಿ. ಪೊಲೀಸರ ನಿರಾಕ್ಷೇಪಣೆ, ದೂತಾವಾಸದ ಪತ್ರ ಇವಕ್ಕೆ ದಿನಗಳು ಬೇಕು, ಮೆದುಳಿಗೆ ಇರುವುದು ಗಂಟೆಗಳು ಮಾತ್ರ. ಅಪಘಾತದಂಥ ಅಸಹಜ ಸಾವಾದರೆ ಪಂಚನಾಮೆ, ಮರಣೋತ್ತರ ಪರೀಕ್ಷೆ ಮುಗಿಯುವವರೆಗೆ ಯಾರೂ ಏನೂ ಮಾಡುವಂತಿಲ್ಲ.

ಪ್ರಶ್ನೆ: ನನ್ನ ಮಗ ಡಿಪ್ಲೊಮಾ ಮುಗಿಸಿದ್ದಾನೆ, ಈ ಕ್ಷೇತ್ರದಲ್ಲಿ ಆಸಕ್ತಿಯಿದೆ. ಅವನು ಮೊದಲು ಏನು ಕಲಿಯಬೇಕು?

ವೀರ್ಯ ಬ್ಯಾಂಕ್, ಐವಿಎಫ್ ಕೇಂದ್ರ ಅಥವಾ ಅನಿಲ ಘಟಕದಲ್ಲಿ ಎರಡು ವರ್ಷ ಕೆಲಸ ಮಾಡಲಿ. ಮುಖಕವಚ, ಸಡಿಲವಾದ ಕೈಗವಸು ಹಾಕದೆ ಜಾರ್ ಮುಟ್ಟದಿರುವುದು, ಪ್ಯಾಂಟಿನ ತುದಿಯನ್ನು ಬೂಟಿನ ಹೊರಗೆ ಬಿಡುವುದು, ಆಮ್ಲಜನಕದ ಮೀಟರ್ ಇಲ್ಲದೆ ಬಾಗಿಲು ದಾಟದಿರುವುದು ಅವನಿಗೆ ಅಭ್ಯಾಸವಾಗಲಿ. ಪ್ರತಿ ಪಾಳಿಯಲ್ಲಿ ತಾನೇ ಕಡ್ಡಿ ಅದ್ದಿ, ಮಂಜಿನ ಗೆರೆಯನ್ನು ಸ್ಕೇಲಿನಿಂದ ಅಳೆದು, ಆ ಅಂಕಿಯನ್ನು ಆ ಗಂಟೆಯಲ್ಲಿಯೇ ರಿಜಿಸ್ಟರ್‌ನಲ್ಲಿ ಬರೆಯಲಿ. ಅಳೆಯದ ದಿನ ಆ ಸಾಲನ್ನು ಖಾಲಿ ಬಿಟ್ಟು, ಅಳೆದಿಲ್ಲ ಎಂದು ಮೇಲಿನವರಿಗೆ ಫೋನ್ ಮಾಡಿ ಹೇಳಲಿ.